ಯಾರೂ ಬೇಡವೆನ್ನದ ರಮಾಕಾಂತರು

ಮೂರೂರು ಕನ್ನಡ ಒಕ್ಕೂಟಕ್ಕೆ ಬ್ರಿಸ್ಬೇನಿನ ಭಾವನಾ ಅಧ್ಯಕ್ಷೆಯಾಗಿ ಆರಿಸಿ ಬಂದಳು ಎಂಬ ಸುದ್ದಿ ತಿಳಿದಾಗ ರಮಾಕಾಂತರು ಪರ್ತ್‌ನಲ್ಲಿ, ತಾವು ಕೆಲಸ ಮಾಡುವ ಗೋದಾಮಿನ ಊಟದ ಕೋಣೆಯಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದರು. ತುತ್ತು ಗಂಟಲಿಗಿಳಿಯುವ ಮೊದಲೇ ಫೋನು ಮೇಜಿನ ಮೇಲೆ ನಡುಗಿತು. ಅಡಿಲೇಡಿನಿಂದ ಅನಂತಪದ್ಮನಾಭರು. ಅದು ನಿಲ್ಲುತ್ತಿದ್ದಂತೆ ಪರ್ತ್‌ನವನೇ ಆದ ಪ್ರಜ್ವಲ. ಇಬ್ಬರೂ ಕೇಳುವುದು ಒಂದೇ ಪ್ರಶ್ನೆ ಎಂದು ಅವರಿಗೆ ಗೊತ್ತಿತ್ತು. ಸಂಪುಟಕ್ಕೆ ಯಾರು ಯಾರು? ರಮಾಕಾಂತರು ಫೋನನ್ನು ಮಗುಚಿಟ್ಟು, ಡಬ್ಬಿಯ ಮೂಲೆಯಲ್ಲಿದ್ದ ನಿಂಬೆ ಉಪ್ಪಿನಕಾಯಿ ನೆಂಚಿಕೊಂಡರು. ಈ ಸಲ ಬೇಡ ಎಂದುಬಿಡಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡರು. ಹಾಗೆ ಅಂದುಕೊಂಡದ್ದು ಅದೇ ಮೊದಲೇನಲ್ಲ.

ಒಕ್ಕೂಟವೆಂದರೆ ಭಾರೀ ಸಂಸ್ಥೆಯೇನಲ್ಲ. ಸಿಡ್ನಿ, ಮೆಲ್ಬರ್ನಿನವರ ಗದ್ದಲದಲ್ಲಿ ತಮ್ಮ ದನಿ ಯಾರಿಗೂ ಕೇಳಿಸುವುದಿಲ್ಲ ಎಂದು ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಕೆಲವರು ಸೇರಿ ಕಟ್ಟಿಕೊಂಡದ್ದು. ರಾಜ್ಯೋತ್ಸವ, ಯುಗಾದಿ ಊಟ, ಮಕ್ಕಳಿಗೆ ಭಾನುವಾರದ ಕನ್ನಡ ಪಾಠ, ಊರಿನಿಂದ ಹಾಡುಗಾರರು ಬಂದರೆ ಮೂರೂ ಊರಲ್ಲಿ ಒಂದೊಂದು ಕಾರ್ಯಕ್ರಮ. ಬೈಲಾ ಪ್ರಕಾರ ಚುನಾವಣೆ ನಡೆಯುವುದು ಅಧ್ಯಕ್ಷರ ಸ್ಥಾನಕ್ಕೆ ಮಾತ್ರ. ಕಾರ್ಯದರ್ಶಿ, ಖಜಾಂಚಿ, ಸಾಂಸ್ಕೃತಿಕ ಕಾರ್ಯದರ್ಶಿ ಮುಂತಾದವರನ್ನೆಲ್ಲ ಗೆದ್ದ ಅಧ್ಯಕ್ಷರೇ ನೇಮಿಸಬೇಕು. ಇದನ್ನು ಯಾರೋ ಒಮ್ಮೆ ತಮಾಷೆಗೆ ಸಂಪುಟ ಎಂದು ಕರೆದಿದ್ದರು. ಬರಬರುತ್ತ ತಮಾಷೆ ಹೋಯಿತು, ಸಂಪುಟ ಉಳಿಯಿತು. ಖಾತೆ ಹಂಚಿಕೆ, ಪ್ರಾತಿನಿಧ್ಯ, ಅತೃಪ್ತರು ಎಂದೆಲ್ಲ ಜನ ನಗದೆಯೇ ಮಾತಾಡತೊಡಗಿದರು.

ಈವರೆಗಿನ ಎಲ್ಲ ಸಂಪುಟಗಳಲ್ಲೂ ರಮಾಕಾಂತರು ಇದ್ದರು. ಹೆಚ್ಚಿನ ಸಲ ಕಾರ್ಯದರ್ಶಿ. ಅವರು ಕೇಳಿಕೊಂಡು ಹೋದವರಲ್ಲ. ಪ್ರತಿ ಸಲವೂ ಇಬ್ಬರು ಆ ಸ್ಥಾನಕ್ಕೆ ಜಗ್ಗಾಡುತ್ತಿದ್ದರು, ಎರಡು ಗುಂಪಾಗುತ್ತಿತ್ತು, ಮಾತು ಬಿರುಸಾಗುತ್ತಿತ್ತು. ಎಲ್ಲರಿಗೂ ಸಾಕೆನಿಸಿದಾಗ ಯಾರಾದರೊಬ್ಬರು, "ರಮಾಕಾಂತ್ ಇದ್ದಾರಲ್ಲ!" ಎನ್ನುತ್ತಿದ್ದರು. ಆಗ ಎಲ್ಲರೂ ಉಸಿರುಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಅವರನ್ನು ಬೇಡವೆನ್ನಲು ಯಾರಿಗೂ ಕಾರಣ ಸಿಗುತ್ತಿರಲಿಲ್ಲ.

ಅವರ ಬದುಕೇ ಹಾಗೆ ನಡೆದುಕೊಂಡು ಬಂದಿತ್ತು. ಮೈಸೂರಿನ ಸರಸ್ವತಿಪುರದಲ್ಲಿ ಹೆಣ್ಣು ನೋಡಲು ಹೋದಾಗ ಗೀತಾಳ ತಂದೆ ಅದಾಗಲೇ ಬಂದುಹೋದ ಗಂಡುಗಳನ್ನೆಲ್ಲ ಒಂದಲ್ಲ ಒಂದು ಕುಂದು ಹೇಳಿ ಕಳಿಸಿದ್ದರಂತೆ. "ಒಬ್ರು ಜೋರಾಗಿ ನಗ್ತಾರೆ ಅಂದ್ರು, ಇನ್ನೊಬ್ರು ಕಾಫಿ ಲೋಟ ಕೆಳಗಿಟ್ರು ಅಂದ್ರು. ಇವರಲ್ಲಿ ಬೇಡ ಅನ್ನೋಕೆ ನಮ್ಮಪ್ಪಂಗೆ ಏನೂ ಸಿಗ್ಲಿಲ್ಲ," ಎಂದು ಗೀತಾ ಈಗಲೂ ನೆಂಟರ ಮುಂದೆ ಹೇಳಿ ನಗುತ್ತಾಳೆ. ರಮಾಕಾಂತರೂ ನಗುತ್ತಾರೆ. ಆದರೆ ಆ ಮಾತು ಮುಗಿದ ಮೇಲೆ ಅವರು ಎದ್ದು ಹೋಗಿ ನೀರು ಕುಡಿದು ಬರುವುದುಂಟು.

ಅಡಿಲೇಡಿಗೆ ಬಂದದ್ದು ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯ ಕೆಲಸಕ್ಕೆ. ಮಗಳು ನಿಸರ್ಗ ಹುಟ್ಟಿದ್ದು ಅಲ್ಲೇ. ಕಾರ್ಖಾನೆ ಮುಚ್ಚಿದಾಗ ಜೊತೆಯವರೆಲ್ಲ ಅಪ್ಪಿಕೊಂಡು, ಅತ್ತು, ಬಿಯರ್ ಕುಡಿದು ಹೊರಟುಹೋದರು. ಯಂತ್ರಗಳನ್ನು ಎಣಿಸಿ ಹರಾಜಿಗೆ ಒಪ್ಪಿಸುವವರೆಗೆ ಒಬ್ಬರು ಇರಬೇಕಿತ್ತು, ರಮಾಕಾಂತರು ಉಳಿದರು. ಆ ಖಾಲಿ ಶೆಡ್ಡಿನಲ್ಲಿ ಹೆಜ್ಜೆ ಹಾಕಿದರೆ ತಮ್ಮ ಬೂಟಿನ ಸದ್ದೇ ತಮ್ಮ ಹಿಂದೆ ಬಂದಂತಾಗುತ್ತಿತ್ತಂತೆ. ಆಮೇಲೆ ಪರ್ತ್‌ಗೆ ಬಂದು ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದರು. ಗಣಿಗಳಿಗೆ ಬಿಡಿಭಾಗ ಕಳಿಸುವ ಗೋದಾಮಿನಲ್ಲಿ ಪ್ಲಾನರ್ ಕೆಲಸ. ಅಲ್ಲಿ ಮ್ಯಾನೇಜರ್ ಬಿಟ್ಟುಹೋದಾಗಲೆಲ್ಲ ಇವರನ್ನು ಆಕ್ಟಿಂಗ್ ಮ್ಯಾನೇಜರ್ ಮಾಡುತ್ತಿದ್ದರು. ಹೊಸಬರು ಬಂದ ಕೂಡಲೇ ಇವರು ಸುಮ್ಮನೆ ತಮ್ಮ ಹಳೇ ಮೇಜಿಗೆ ವಾಪಸಾಗುತ್ತಿದ್ದರು.

ಅಂದು ಸಂಜೆ ಮನೆಗೆ ಬಂದು ಬೂಟು ಬಿಚ್ಚುವಾಗ ಗೀತಾ ಕೇಳಿದಳು.

"ಭಾವನಾ ಗೆದ್ಲಂತೆ?"

"ಹೂಂ."

"ನೀವು ಈ ಸಲ ಬೇಡ ಅಂದ್ಬಿಡ್ರೀ. ಮುಖ ನೋಡ್ಕೊಳ್ಳಿ ಕನ್ನಡೀಲಿ, ಹೆಂಗಾಗಿದೆ."

"ಹೇಳ್ತೀನಿ."

"ಹೋದ ಸಲಾನೂ ಹಿಂಗೇ ಹೇಳ್ತೀನಿ ಅಂದ್ರಿ."

ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದ ನಿಸರ್ಗ ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಜಸ್ಟ್ ಸೇ ನೋ. ಇಟ್ಸ್ ನಾಟ್ ದಟ್ ಹಾರ್ಡ್," ಎಂದಳು. ರಮಾಕಾಂತರು ಬೂಟನ್ನು ಜೋಡಿಸಿಟ್ಟು ಸ್ನಾನಕ್ಕೆ ಹೋದರು.

ಮೊದಲ ಸಭೆ ಭಾನುವಾರ ಜೂಮ್‌ನಲ್ಲಿ ನಡೆಯಿತು. ಬ್ರಿಸ್ಬೇನಿನವರು ಊಟ ಮುಗಿಸಿದ್ದರು, ಅಡಿಲೇಡಿನವರು ಕೈ ತೊಳೆಯುತ್ತಿದ್ದರು, ಪರ್ತ್‌ನವರಿಗೆ ಇನ್ನೂ ಕುಕ್ಕರ್ ಕೂಗಿರಲಿಲ್ಲ. ಭಾವನಾ ಬ್ರಿಸ್ಬೇನಿನ ಕ್ಯಾಲಮ್‌ವೇಲ್ ಬಡಾವಣೆಯ ತನ್ನ ಮನೆಯ ಅಡುಗೆ ಮೇಜಿನ ಮುಂದೆ ಕೂತಿದ್ದಳು. ಮೂವತ್ತೈದರ ಆಸುಪಾಸಿನವಳು, ಫಿಸಿಯೋಥೆರಪಿಸ್ಟ್. ಅನಂತಪದ್ಮನಾಭರಂಥ ಹಳೇ ಹುಲಿಯನ್ನು ಚುನಾವಣೆಯಲ್ಲಿ ಸೋಲಿಸಿ ಬಂದಿದ್ದಳು. ಸೋತ ಅನಂತಪದ್ಮನಾಭರೂ ಹಿರಿಯರೆಂದು ಸಭೆಯಲ್ಲಿದ್ದರು. ಒಕ್ಕೂಟ ಕಟ್ಟಿದವರಲ್ಲಿ ಅವರೂ ಒಬ್ಬರು.

ಚಿಕ್ಕ ಖಾತೆಗಳು ಬೇಗ ಮುಗಿದವು. ಗಂಟು ಬಿದ್ದದ್ದು ಕಾರ್ಯದರ್ಶಿ ಸ್ಥಾನಕ್ಕೆ.

"ಸೆಕ್ರೆಟರಿ ಪರ್ತ್‌ಗೇ ಬರ್ಬೇಕು," ಎಂದ ಪ್ರಜ್ವಲ. ಐಟಿ ಕೆಲಸದ ಹುಡುಗ, ಬೆಂಗಳೂರಿನವನು, ಚುರುಕು. "ಅಧ್ಯಕ್ಷರು ಬ್ರಿಸ್ಬೇನ್ ಆಯ್ತಲ್ಲ, ಬ್ಯಾಲೆನ್ಸ್ ಆಗ್ಬೇಕಲ್ವಾ. ನಾನು ವೆಬ್‌ಸೈಟು, ಮೆಂಬರ್‌ಶಿಪ್ಪು ಎಲ್ಲಾ ಮಾಡ್ತೀನಿ. ರೆಡಿ ಇದೀನಿ."

"ಹಂಗಾದ್ರೆ ಅಡಿಲೇಡ್ ಏನ್ರೀ, ಹಾಲ್ ಬುಕ್ ಮಾಡೋಕೆ ಮಾತ್ರಾನಾ?" ಅನಂತಪದ್ಮನಾಭರು ಕನ್ನಡಕ ತೆಗೆದು ಒರೆಸಿದರು. "ನಮ್ಮ ಭರತೇಶ್ ಇದ್ದಾರೆ. ಕೆಲ್ಸಗಾರರು."

ಭರತೇಶ್ ಬೆಳಗಾವಿ ಕಡೆಯವನು. ಅಡಿಲೇಡಿನ ಮಾಡ್ಬರಿಯಲ್ಲಿ ವಾಸ, ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅವನ ಮಾತು ನೇರ, ಅದು ಎಷ್ಟೋ ಜನಕ್ಕೆ ಒರಟೆನಿಸುತ್ತಿತ್ತು.

"ನಾ ಕೆಲ್ಸಗಾರ ಹೌದ್ರಿ," ಎಂದ ಅವನು. "ಅದಕ್ಕ ಇಷ್ಟ ವರ್ಷ ಬರೇ ಕುರ್ಚಿ ಹಾಕಾಕ ಕರದೀರಿ. ಮೊದ್ಲಿಂದ್ಲೂ ಎಲ್ಲಾ ಬೆಂಗಳೂರು ಮೈಸೂರಿನವರದ್ದ ನಡದೈತಿ. ನಮ್ಮ ಕಡೀ ಮಂದಿ ಈ ದೇಶದಾಗ ಇಲ್ಲೇನ್ರಿ?"

"ಇಲ್ಲಿ ಆ ಕಡೆ ಈ ಕಡೆ ಯಾಕೆ ತರ್ತೀರಾ?" ಎಂದು ಪ್ರಜ್ವಲ ಸಿಡುಕಿದ.

"ತಂದವ್ರು ನೀವ ರೀ. ನಾ ಹೆಸರಿಟ್ಟು ಹೇಳಿದ್ನಿ, ಅಷ್ಟ."

ಆಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಒಬ್ಬರು ಕರಾವಳಿಗೆ ಏನೂ ಸಿಕ್ಕಿಲ್ಲ ಎಂದರು. ಬ್ರಿಸ್ಬೇನಿನ ಶ್ರೀಲಕ್ಷ್ಮಿ ಎಂಬವರು, ಹೆಂಗಸರೆಂದರೆ ಊಟದ ಕಮಿಟಿ ಎಂದು ಯಾಕೆ ತಿಳಿಯುತ್ತೀರಿ ಎಂದು ಕೇಳಿದರು. ವಿದ್ಯಾರ್ಥಿಗಳಿಗೂ ಒಂದು ಸ್ಥಾನ ಬೇಕು ಎಂಬ ದನಿಯೊಂದು ಎಲ್ಲಿಂದಲೋ ಬಂದು ಮ್ಯೂಟ್ ಆಯಿತು. ಭಾವನಾ ಮಾತ್ರ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದಳು. ಕೊನೆಗೆ, "ಎಲ್ಲಾರ್ದೂ ಕೇಳಿಸ್ಕೊಂಡೆ. ಜೂಮಲ್ಲಿ ಇದು ಬಗೆಹರಿಯಲ್ಲ. ಅಡಿಲೇಡಲ್ಲಿ ಸೇರೋಣ, ಅದೇ ಮಧ್ಯ ಆಗುತ್ತೆ," ಎಂದಳು.

ಎರಡು ಸಭೆಗಳ ನಡುವಿನ ದಿನಗಳಲ್ಲಿ ರಮಾಕಾಂತರ ಕಿವಿ ಬಿಸಿಯಾಗಿಯೇ ಇತ್ತು. ಪ್ರಜ್ವಲ, "ಸರ್, ನೀವೊಂದು ಮಾತು ಅಧ್ಯಕ್ಷರಿಗೆ ಹಾಕಿ," ಎಂದ. ಅನಂತಪದ್ಮನಾಭರು, "ಆ ಹುಡುಗಿಗೆ ಅನುಭವ ಇಲ್ಲ, ನೀವು ಹೇಳಿದ್ರೆ ಕೇಳ್ತಾಳೆ," ಎಂದರು. ಶ್ರೀಲಕ್ಷ್ಮಿಯೂ ಒಮ್ಮೆ ಫೋನು ಮಾಡಿದರು. ಎಲ್ಲರಿಗೂ ರಮಾಕಾಂತರು, "ನೋಡೋಣ" ಎಂದರು. ಕೇಳಿದವರೆಲ್ಲ ಅದನ್ನು ಹೂಂ ಎಂದೇ ತಿಳಿದುಕೊಂಡು ಫೋನಿಟ್ಟರು. ಕೆಲಸಕ್ಕೆ ಕಾರು ಓಡಿಸುತ್ತ, ಬಂಕಿನಲ್ಲಿ ಪೆಟ್ರೋಲು ತುಂಬಿಕೊಳ್ಳುತ್ತ, ಅವರಿಗೆ ಮೈಯೆಲ್ಲ ಮರಳು ತುಂಬಿದ ಚೀಲದಂತೆ ಅನ್ನಿಸುತ್ತಿತ್ತು. ಕಾರ್ಯದರ್ಶಿ ಯಾರಾದರೂ ಆಗಲಿ, ಒಟ್ಟಿನಲ್ಲಿ ಮುಗಿದರೆ ಸಾಕಾಗಿತ್ತು.

ಶುಕ್ರವಾರ ಕೆಲಸ ಮುಗಿಸಿ ಅದೇ ಬಟ್ಟೆಯಲ್ಲಿ ವಿಮಾನ ಹತ್ತಿ ಅಡಿಲೇಡಿನಲ್ಲಿ ಇಳಿದು, ಮಾಡ್ಬರಿಯಲ್ಲಿ ಅನಂತಪದ್ಮನಾಭರ ಮನೆಯ ಸೋಫಾದ ಮೇಲೆ ಮಲಗಿದರು. ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದಾಗ ಅನಂತಪದ್ಮನಾಭರ ಹೆಂಡತಿ ಇಂದಿರಮ್ಮ ಆಗಲೇ ಬಿಸಿಬೇಳೆಬಾತಿಗೆ ಬೇಳೆ ಇಟ್ಟಿದ್ದರು. ಕಾಫಿ ಕೊಡುತ್ತ ಮುಖ ನೋಡಿ, "ಏನ್ ರಮಾಕಾಂತ್, ಇಷ್ಟೊಂದು ಇಳಿದುಹೋಗಿದೀರಾ?" ಎಂದರು. "ಪ್ರಯಾಣ ಆಂಟಿ," ಎಂದರು ಇವರು. ಇಂದಿರಮ್ಮ ಇವರಿಗಿಂತ ಏಳೆಂಟು ವರ್ಷ ದೊಡ್ಡವರಷ್ಟೇ. ಆಂಟಿ ಎಂದದ್ದಕ್ಕೆ ಇಬ್ಬರಿಗೂ ಸ್ವಲ್ಪ ನಗು ಬಂತು.

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಅಲ್ಲಿ ಆಗಸ್ಟೆಂದರೆ ಚಳಿಗಾಲ, ಮೂಲೆಯಲ್ಲಿ ಗ್ಯಾಸ್ ಹೀಟರ್ ಗುಂಯ್ ಎನ್ನುತ್ತಿತ್ತು. ಜೂಮಿನಲ್ಲಿ ಆಡಿದ ಮಾತುಗಳನ್ನೇ ಎದುರೆದುರು ಕೂತು ಮತ್ತೆ ಆಡಿದರು. ಪರ್ತ್, ಅಡಿಲೇಡ್, ಪ್ರಜ್ವಲ, ಭರತೇಶ್. ಹೀಟರಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ರಮಾಕಾಂತರಿಗೆ ಮಾತುಗಳು ದೂರವಾಗುತ್ತ ಹೋಗಿ, ಯಾವಾಗಲೋ ಕಣ್ಣು ಮುಚ್ಚಿತು.

ತಮ್ಮ ಹೆಸರು ಕೇಳಿ ಎಚ್ಚರವಾಯಿತು.

"ರಮಾಕಾಂತ್ ಇದ್ದಾರಲ್ಲ!" ಅನಂತಪದ್ಮನಾಭರು ಕೈ ಎತ್ತಿ ಹೇಳುತ್ತಿದ್ದರು. "ಯಾಕೆ ಜಗಳ? ಅನುಭವಸ್ಥರು. ಎಲ್ಲಾರಿಗೂ ಬೇಕಾದವರು."

"ಸರ್ ಆದ್ರೆ ನಂದೇನೂ ಅಭ್ಯಂತರ ಇಲ್ಲ," ಎಂದ ಪ್ರಜ್ವಲ. ಶ್ರೀಲಕ್ಷ್ಮಿ ತಲೆಯಾಡಿಸಿದರು. ಭರತೇಶ್ ಕೂಡ, "ಸರ್ ಆದ್ರ ಆಗ್ಲಿ ಬಿಡ್ರಿ," ಎಂದು ಕುರ್ಚಿಗೊರಗಿದ. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬಂತು.

ಬೇಡವೆನ್ನಲೆಂದೇ ಅಷ್ಟು ದೂರ ಬಂದವರು ರಮಾಕಾಂತರು. ವಿಮಾನದಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೂ ಇದ್ದರು. ಆದರೆ ಆ ಚಪ್ಪಾಳೆ ಬಿದ್ದಾಗ ಎದೆಯೊಳಗೆ ಬೆಚ್ಚಗೆ ಏನೋ ಹರಿದಂತಾಯಿತು. ಕಾಲುಗಳು ತಮ್ಮಷ್ಟಕ್ಕೆ ತಾವೇ ಎದ್ದವು. ಆಯ್ತು ಬಿಡಿ ಎನ್ನಲು ಬಾಯಿ ತೆರೆದರು.

"ಅಂಕಲ್ ಬೇಡ," ಎಂದಳು ಭಾವನಾ.

ರಮಾಕಾಂತರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದಿದ್ದರು. ಪೂರ್ತಿ ಏಳಬೇಕೋ ಕೂರಬೇಕೋ ತಿಳಿಯದೆ ಹಾಗೇ ನಿಂತರು.

"ಏನಮ್ಮಾ ಇದು?" ಎಂದರು ಅನಂತಪದ್ಮನಾಭರು. "ಹಿರಿಯರಿಗೆ ಹಿಂಗಾ ಹೇಳೋದು?"

"ನೀವ್ಯಾರೂ ರಮಾಕಾಂತ್ ಅಂಕಲ್‌ನ ಆರಿಸ್ತಾ ಇಲ್ಲ ಅಂಕಲ್," ಎಂದಳು ಅವಳು. "ಜಗಳ ತಪ್ಪಿಸ್ಕೊಳ್ತಾ ಇದೀರ, ಅಷ್ಟೇ. ಇಷ್ಟು ಹೊತ್ತಲ್ಲಿ ಯಾರಾದ್ರೂ ಅವ್ರನ್ನ ಒಂದು ಮಾತು ಕೇಳಿದ್ರಾ? ಅವ್ರು ನಿದ್ದೆ ಹೋಗಿದ್ರು. ಅದನ್ನಾದ್ರೂ ನೋಡಿದ್ರಾ?"

ಎಲ್ಲರೂ ಒಟ್ಟಿಗೆ ಮಾತಾಡಿದರು. ಅವಮಾನ ಎಂದರು, ಸಂಸ್ಕಾರ ಎಂದರು. ಪ್ರಜ್ವಲ, "ಸರ್, ನೀವೇ ಹೇಳಿ," ಎಂದ. ಎಲ್ಲರ ಮುಖ ಇವರ ಕಡೆ ತಿರುಗಿತು. ಅಷ್ಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು.

"ಅಧ್ಯಕ್ಷರು ಹೇಳಿದ ಮೇಲೆ ಮುಗೀತು," ಎಂದಷ್ಟೇ ಹೇಳಿ ರಮಾಕಾಂತರು ಹಿತ್ತಲಿನ ಬಾಗಿಲು ಸರಿಸಿಕೊಂಡು ಹೊರಗೆ ಹೋದರು.

ಹಿತ್ತಲಲ್ಲಿ ನಿಂಬೆಗಿಡವೊಂದು ಹಣ್ಣಿನ ಭಾರಕ್ಕೆ ಬಾಗಿತ್ತು. ಕೀಳುವವರಿಲ್ಲದೆ ಕೆಳಗೆ ಬಿದ್ದವು ಹುಲ್ಲಿನಲ್ಲಿ ಕಂದುಗಟ್ಟಿದ್ದವು. ರಮಾಕಾಂತರು ಬಗ್ಗಿ ಒಂದೊಂದನ್ನೇ ಆರಿಸಿ ಬೇಲಿಯ ಬುಡಕ್ಕೆ ಹಾಕತೊಡಗಿದರು. ಒಳಗೆ ಭಾವನಾಳ ದನಿ ಕೇಳಿಸುತ್ತಿತ್ತು. ಭರತೇಶ್ ಕಾರ್ಯದರ್ಶಿ, ಪ್ರಜ್ವಲ ಖಜಾಂಚಿ, ಒಪ್ಪದವರು ಈಗಲೇ ಹೇಳಬಹುದು ಎನ್ನುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೊರಗೆ ಬಂದಳು.

"ಬೇಜಾರಾಯ್ತಾ ಅಂಕಲ್?"

"ಇಲ್ಲಮ್ಮಾ. ಬೇಜಾರ್ಯಾಕೆ?"

"ನಿಮ್ಗೆ ಮೊದ್ಲೇ ಫೋನ್ ಮಾಡಿ ಹೇಳ್ಬೇಕಿತ್ತು. ಎಲ್ರ ಮುಂದೆ ಹಂಗೆ ಹೇಳ್ಬಾರ್ದಿತ್ತು. ನಂಗೆ ಅಲ್ಲೇ, ಆಗ್ಲೇ ಅನ್ನಿಸ್ತು, ಹೇಳ್ಬಿಟ್ಟೆ."

"ಪರ್ವಾಗಿಲ್ಲ ಬಿಡಮ್ಮಾ."

ಅವಳು ಇನ್ನೂ ಏನಾದರೂ ಹೇಳುವವಳಿದ್ದಳೋ ಏನೋ. ರಮಾಕಾಂತರು ಮತ್ತೆ ಬಗ್ಗಿ ನಿಂಬೆಹಣ್ಣು ಆರಿಸುವುದನ್ನು ನೋಡಿ ಒಳಗೆ ಹೋದಳು.

ಪರ್ತ್‌ಗೆ ಮರಳಿದ ಮೇಲೆ ಗೀತಾ ಎಲ್ಲವನ್ನೂ ಕೇಳಿ, "ಅಂತೂ ಒಬ್ಳಾದ್ರೂ ಕಣ್ಣು ಬಿಟ್ಟು ನೋಡಿದ್ಲಲ್ಲ," ಎಂದಳು. ರಮಾಕಾಂತರಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿಂಗೆ ಖುಷಿ ಅಲ್ವಾ? ಎಲ್ರ ಮುಂದೆ ನಂಗೆ ಹಂಗಂದಿದ್ದು ನಿಂಗೆ ಖುಷಿ," ಎಂದರು. ಗೀತಾ ಸಾರು ಕಲಕುತ್ತಿದ್ದ ಸೌಟನ್ನು ಹಾಗೇ ಹಿಡಿದು ಅವರನ್ನು ನೋಡಿದಳು. ಆ ದಿನ ಇಬ್ಬರೂ ಮಾತಾಡಲಿಲ್ಲ. ಮರುದಿನ ಹಾಲು ಮುಗಿದಿದೆ ಎಂಬ ವಿಷಯಕ್ಕೆ ಮಾತು ಶುರುವಾಯಿತು.

ಫೋನು ಸುಮ್ಮನಾಯಿತು. ಮೊದಲ ವಾರ ಕೆಲವರು ಅನುಕಂಪ ಹೇಳಲು ಮಾಡಿದರು, ಆಮೇಲೆ ಅದೂ ನಿಂತಿತು. ಇಷ್ಟು ವರ್ಷ ತಮ್ಮನ್ನು ವಿಚಾರಿಸಿಕೊಳ್ಳುತ್ತಿದ್ದವರೆಲ್ಲ ಸಭಾಂಗಣದ ಬೀಗದ ಕೈ, ಮೈಕಿನವನ ನಂಬರು, ಊಟಕ್ಕೆ ಎಷ್ಟು ಜನ ಎಂಬುದನ್ನು ಕೇಳಲು ಮಾತ್ರ ಫೋನು ಮಾಡುತ್ತಿದ್ದರು ಎಂಬುದು ಅವರಿಗೆ ನಿಧಾನವಾಗಿ ಹೊಳೆಯಿತು. ಅದಕ್ಕಿಂತ ಗಾಬರಿ ಹುಟ್ಟಿಸಿದ್ದು ಇನ್ನೊಂದು. ದಣಿವು ಹೋಗಲೇ ಇಲ್ಲ. ಒಕ್ಕೂಟದ ಕೆಲಸದಿಂದಲೇ ಸುಸ್ತು ಎಂದುಕೊಂಡಿದ್ದರು. ಕೆಲಸ ಹೋಯಿತು, ಸುಸ್ತು ಉಳಿಯಿತು. ಭಾನುವಾರ ಮಧ್ಯಾಹ್ನ ಮಲಗಿದರೆ ಕತ್ತಲಾಗುವಾಗ ಏಳುತ್ತಿದ್ದರು, ಮಲಗುವ ಮೊದಲಿಗಿಂತ ಹೆಚ್ಚು ಸೋತು.

ಗೀತಾ ಬಿಡಲಿಲ್ಲ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ ಟ್ವೆಲ್ವ್ ಬಹಳ ಕಡಿಮೆ ಎಂದು ಗೊತ್ತಾಯಿತು. "ವೆಜಿಟೇರಿಯನ್?" ಎಂದು ಡಾಕ್ಟರು ಹುಬ್ಬೇರಿಸಿ ಇಂಜೆಕ್ಷನ್ ಚುಚ್ಚಿದರು. ಸಮಾಜಸೇವೆಯ ದಣಿವು ಎಂದು ಎಷ್ಟೋ ಭಾಷಣಗಳಲ್ಲಿ ತಮ್ಮ ಬಗ್ಗೆ ಹೇಳಿಸಿಕೊಂಡದ್ದರಲ್ಲಿ ಅರ್ಧಕ್ಕರ್ಧ ವಿಟಮಿನ್ ಕೊರತೆ ಇದ್ದಿರಬಹುದು ಎಂದು ರಮಾಕಾಂತರಿಗೆ ಕಾರಿನಲ್ಲಿ ಹೊಳೆದು, ಬಹಳ ದಿನಗಳ ಮೇಲೆ ಜೋರಾಗಿ ನಕ್ಕರು. ಗೀತಾಳಿಗೆ ಯಾಕೆಂದು ಗೊತ್ತಾಗಲಿಲ್ಲ, ಆದರೂ ಅವಳೂ ನಕ್ಕಳು.

ಅಕ್ಟೋಬರಿನಲ್ಲಿ ಗೋದಾಮಿನ ಮ್ಯಾನೇಜರ್ ಬೇರೆ ಕಂಪನಿಗೆ ಹೋದ. ಮೇಲಿನ ಅಧಿಕಾರಿ ಬಂದು ಹೆಗಲು ತಟ್ಟಿ, ಎಂದಿನಂತೆ ಕೆಲವು ತಿಂಗಳು ನೋಡಿಕೋ ಮೇಟ್ ಎಂದ. ಖಾಯಂ ಕೊಡುವುದಾದರೆ ಮಾಡುತ್ತೇನೆ, ಆಕ್ಟಿಂಗ್ ಆದರೆ ಬೇಡ ಎಂದರು ರಮಾಕಾಂತರು. ಹೇಳುವಾಗ ಕಿವಿ ಕೆಂಪಾಗಿತ್ತು. ಮೇಲಿನವನಿಗೆ ಆಶ್ಚರ್ಯವಾಯಿತು, ಯೋಚಿಸುತ್ತೇನೆ ಎಂದ. ಎರಡು ವಾರದ ಮೇಲೆ ಹೊರಗಿನಿಂದ ಒಬ್ಬ ಹುಡುಗಿಯನ್ನು ತಂದು ಕೂರಿಸಿದರು. ಅವಳಿಗೆ ಕಪಾಟುಗಳ ಗುರುತು ಹೇಳಿಕೊಟ್ಟವರು ರಮಾಕಾಂತರೇ. ಅದರಿಂದ ಅವರಿಗೆ ನೋವಾಗಲಿಲ್ಲವೆಂದಲ್ಲ. ಆದರೆ ಆ ವರ್ಷದ ರಜೆಯನ್ನು ಮೊದಲ ಸಲ ಪೂರ್ತಿ ತೆಗೆದುಕೊಂಡರು.

ರಾಜ್ಯೋತ್ಸವಕ್ಕೆ ಪರ್ತ್‌ನ ಸಭಾಂಗಣಕ್ಕೆ ಹೋಗಿ ಗೀತಾಳ ಪಕ್ಕ ಕೂತು ಬಂದರು. ಎಲ್ಲಿ ಏನು ತಪ್ಪಾಗುತ್ತಿದೆ ಎಂಬುದಷ್ಟೇ ಕಣ್ಣಿಗೆ ಬಿದ್ದು ಕಾರ್ಯಕ್ರಮವೇ ಕಾಣಲಿಲ್ಲ. ಊಟದ ಸಾಲಿನಲ್ಲಿ ಹಿಂದೆ ನಿಂತು ತಟ್ಟೆ ಹಿಡಿದಾಗ, ಬಡಿಸುತ್ತಿದ್ದ ವಿದ್ಯಾರ್ಥಿಯೊಬ್ಬ, "ಅಂಕಲ್, ಹೊಸಬ್ರಾ ಇಲ್ಲಿಗೆ?" ಎಂದು ಕೇಳಿದ. ಹೌದು ಎಂದರು.

ಫೆಬ್ರವರಿಯಲ್ಲಿ ಭರತೇಶ್ ಫೋನು ಮಾಡಿದ. ಅವನ ಹೆಸರು ನೋಡಿ ರಮಾಕಾಂತರು ಗಟ್ಟಿ ಮನಸ್ಸು ಮಾಡಿಕೊಂಡೇ ಎತ್ತಿದರು. ಕೆಲಸ ಹೇಳಿದರೆ ಆಗುವುದಿಲ್ಲ ಎನ್ನಬೇಕು.

"ಸರ್, ಒಕ್ಕೂಟದ ಕೆಲ್ಸಕ್ಕ ಅಲ್ರಿ," ಎಂದ ಅವನು. "ಪರ್ತ್‌ನ್ಯಾಗ ಎರಡ್ ದಿನದ ಟ್ರೇನಿಂಗ್ ಐತಿ. ನಿಮ್ಮ ಮನ್ಯಾಗ ಇರಬಹುದೇನ್ರಿ? ಹೋಟೆಲ್ ಊಟ ನನಗ ಸೇರೂದಿಲ್ಲ."

ಬಂದ. ಸೆಕೆಯೆಂದರೆ ಸೆಕೆ, ಪೂರ್ವದ ಬಿಸಿಗಾಳಿ ಬೆಳಗ್ಗೆಯಿಂದಲೇ ಬೀಸುತ್ತಿತ್ತು. ಜೈನ ಮನೆತನದವನಾದ್ದರಿಂದ ಗೀತಾ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದೆ ಅಡುಗೆ ಮಾಡಿದಳು. ಅವನು ನಾಚಿಕೊಂಡು, ತಾನು ಆ ನಿಯಮ ಬಿಟ್ಟು, ಅಂದರೆ ಅದನ್ನೆಲ್ಲ ತಿನ್ನಲು ಶುರುಮಾಡಿ ಬಹಳ ಕಾಲವಾಯಿತು ಎಂದ. ಸಂಜೆ ಹಿಂದಿನ ಜಗುಲಿಯಲ್ಲಿ ಕೂತು ಇಬ್ಬರೂ ಮಜ್ಜಿಗೆ ಕುಡಿದರು. ಅಷ್ಟು ವರ್ಷ ಒಂದೇ ಸಂಪುಟಗಳ ಸುತ್ತ ಓಡಾಡಿದ್ದರೂ ಅವರಿಬ್ಬರು ಹಾಗೆ ಕೂತದ್ದು ಅದೇ ಮೊದಲು.

ಭರತೇಶನ ಮುಖ ಬಾಡಿತ್ತು. ಕಾರ್ಯದರ್ಶಿ ಕೆಲಸ ಅವನನ್ನು ಹಿಂಡಿಹಾಕಿತ್ತು. ಪ್ರಜ್ವಲ ಯಾವುದಕ್ಕೂ ಸಹಿ ಹಾಕುವುದಿಲ್ಲ, ಅನಂತಪದ್ಮನಾಭರು ಎಲ್ಲಕ್ಕೂ ತಪ್ಪು ತೆಗೆಯುತ್ತಾರೆ, ಭಾವನಾ ಒಬ್ಬಳೇ ಅವನ ಪರ.

"ನಿಮ್ಮಂಗ ತಾಳ್ಮಿ ಇಲ್ರಿ ನನಗ," ಎಂದ.

"ನಂಗೂ ಇರ್ಲಿಲ್ಲ," ಎಂದರು ರಮಾಕಾಂತರು. "ಹೇಳೋಕೆ ಬರ್ತಿರ್ಲಿಲ್ಲ, ಅಷ್ಟೇ."

ಭರತೇಶ್ ಮಜ್ಜಿಗೆಯ ಲೋಟ ಕೆಳಗಿಟ್ಟ. ಆಮೇಲೆ, "ಪರ್ತ್‌ನ ಕನ್ನಡ ಪಾಠ ನಿಲ್ಲಿಸಬೇಕಂತ ಮಾಡೀವ್ರಿ," ಎಂದ. "ನಾಕೈದ್ ಹುಡುಗ್ರು ಬರ್ತಾವ, ಅವೂ ವಾರ ಬಿಟ್ಟು ವಾರ. ಸುಮ್ನ ಹಾಲ್ ಬಾಡಿಗಿ ದಂಡ."

ನೋಡೋಣ ಎಂಬ ಮಾತು ರಮಾಕಾಂತರ ನಾಲಿಗೆಯ ತುದಿಗೆ ಬಂದಿತ್ತು.

"ಅದು ತಪ್ಪು," ಎಂದರು.

"ಏನ್ ತಪ್ಪ್ರಿ?"

"ತಪ್ಪು ಅಂದೆ. ನಿಲ್ಲಿಸ್ಬಾರ್ದು."

"ಸರ್, ನೀವು ಸಂಪುಟದಾಗ ಇದ್ದಾಗ ಹತ್ ಸಲ ಈ ಮಾತು ಬಂದೈತಿ. ಒಂದ್ ಸಲಾನೂ ಬಾಯಿ ತಗದಿಲ್ಲ ನೀವು!"

"ಆಗ ತೆಗೀಲಿಲ್ಲ. ಈಗ ತೆಗೀತಿದೀನಿ. ನನ್ನ ಮಗಳು ಅಲ್ಲೇ ಅ ಆ ಇ ಈ ಕಲ್ತಿದ್ದು. ಅವ್ಳ ಕ್ಲಾಸಲ್ಲಿ ಮೂರೇ ಜನ ಇದ್ರು. ಮೂರು ಜನ! ನಾಕೈದು ಕಮ್ಮಿನಾ ನಿಮಗೆ?"

"ಕಲ್ತು ಏನ್ ಮಾಡ್ಯಾಳ್ರಿ? ಇಂಗ್ಲಿಷ್ನ್ಯಾಗ ಮಾತಾಡ್ತಾಳ!"

"ಮಾತಾಡ್ಲಿ! ನಮ್ಮಮ್ಮ ಫೋನ್ ಮಾಡಿದ್ರೆ ಅರ್ಥ ಆಗುತ್ತಲ್ರೀ ಅವ್ಳಿಗೆ! ಅಷ್ಟು ಸಾಲ್ದಾ?"

ದನಿ ಏರಿತು. ಭರತೇಶ್ ಎದ್ದು ನಿಂತು ಕೈ ಬೀಸಿ ಮಾತಾಡಿದ, ರಮಾಕಾಂತರೂ ಎದ್ದು ನಿಂತರು. ಪಕ್ಕದ ಮನೆಯ ನಾಯಿ ಬೊಗಳತೊಡಗಿತು. ಬಾಗಿಲು ಸರಿಸಿಕೊಂಡು ನಿಸರ್ಗ ಇಯರ್‌ಫೋನ್ ಕೈಯಲ್ಲಿ ಹಿಡಿದು ಇಣುಕಿದಳು.

"ಅಪ್ಪಾ? ವಾಸ್ ದಟ್ ಯೂ?"

"ಹೌದು ನಾನೇ. ಯಾಕೆ?" ಎಂದರು ರಮಾಕಾಂತರು, ಅದೇ ಎತ್ತರದ ದನಿಯಲ್ಲಿ.

ಅವಳು ಭರತೇಶನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, "ನಥಿಂಗ್. ಅಮ್ಮ ಸೇಸ್ ಊಟ," ಎಂದು ಒಳಗೆ ಹೋದಳು.

ಊಟದ ಮೇಜಿನಲ್ಲೂ ಅದೇ ವಾದ ನಡೆಯಿತು, ಸ್ವಲ್ಪ ತಗ್ಗಿದ ದನಿಯಲ್ಲಿ. ಪಾಠ ನಿಲ್ಲಿಸುವುದೋ ಬಿಡುವುದೋ ಆ ದಿನ ತೀರ್ಮಾನವಾಗಲಿಲ್ಲ. ಗೀತಾ ಯಾರ ಪರವನ್ನೂ ವಹಿಸದೆ ಇಬ್ಬರ ತಟ್ಟೆಗೂ ಅನ್ನ ಬಡಿಸಿದಳು. ಭರತೇಶ್ ಎರಡನೆಯ ಸಲ ಸಾರು ಹಾಕಿಸಿಕೊಂಡು, "ಸರ್, ಹುಡುಗ್ರಿಗೆ ನೀವ ಕಲಿಸ್ತೀರೇನು ಮತ್ತ?" ಎಂದು ಕೇಳಿದ. ರಮಾಕಾಂತರು ಅನ್ನ ಕಲಸುತ್ತ, ಒಂದು ಭಾನುವಾರ ಬಿಟ್ಟು ಒಂದು ಭಾನುವಾರವಾದರೆ ಆಗುತ್ತದೆ, ಪ್ರತಿ ವಾರ ತಮ್ಮಿಂದ ಆಗದು ಎಂದರು.